ಬಿಚ್ಚದ ಬಾವುಟ

ಭಾಲ್ಕಿ

ಅರವತ್ತಾರನೇ ವಯಸ್ಸಿನಲ್ಲಿ ನಾನು ಪರದೇಶಕ್ಕೆ ಹೊರಟಾಗ ನಮ್ಮ ಓಣಿಯವರು ಕೇಳಿದ್ದು ಒಂದೇ ಪ್ರಶ್ನೆ: ಮಾಸ್ತರ್ ಅಲ್ಲಿ ಹೋಗಿ ಏನು ಮಾಡುತ್ತಾರೆ? ನಡೆಯುತ್ತಾರೆ ಎಂದಳು ನನ್ನ ಹೆಂಡತಿ. ನಡೆಯಲು ಅಷ್ಟು ದೂರ ಹೋಗಬೇಕೇ ಎಂದು ಅವರು ನಕ್ಕರು. ನಗುವುದರಲ್ಲಿ ತಪ್ಪಿಲ್ಲ. ಸ್ಪೇನಿನ ಸಮುದ್ರ ದಂಡೆಯ ಒಂದು ಸಣ್ಣ ಊರಿನಲ್ಲಿ ಹಿರಿಯರ ಕ್ರೀಡಾಕೂಟವಿತ್ತು. ನನ್ನದು ಐದು ಕಿಲೋಮೀಟರ್ ನಡಿಗೆ ಸ್ಪರ್ಧೆ. ‘ಆಯ್ಕೆಯಾದೆ’ ಎಂದು ಹೇಳಿಕೊಳ್ಳಲು ನಾಲಿಗೆ ತುರಿಸುತ್ತದೆ. ನಿಜ ಏನೆಂದರೆ, ಅರ್ಜಿ ಹಾಕಿ ಸ್ವಂತ ಖರ್ಚಿನಲ್ಲಿ ಬರುತ್ತೇನೆ ಎನ್ನುವ ಮುದುಕರನ್ನು ಯಾರೂ ಬೇಡ ಎನ್ನುವುದಿಲ್ಲ.

ಚೀಲದಲ್ಲಿ ಮೊದಲು ಇಟ್ಟದ್ದು ಕನ್ನಡದ ಬಾವುಟ. ಹೊಸದಲ್ಲ. ಹದಿಮೂರು ವರ್ಷ ಟ್ರಂಕಿನ ತಳದಲ್ಲಿ ಮಡಿಸಿ ಬಿದ್ದಿದ್ದು. ಅದನ್ನು ಯಾಕೆ ತೆಗೆದುಕೊಂಡೆ ಎಂದು ಕೇಳಿದವರಿಗೆಲ್ಲ ಕನ್ನಡದ ಅಭಿಮಾನ ಎಂದೆ. ಅದು ಅರ್ಧ ನಿಜ. ಉಳಿದರ್ಧವನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಪ್ರವಾಸದ ಕಥೆಗೆ ತಲೆಬುಡ ಇರುವುದಿಲ್ಲ.

ಔರಾದಿನ ಹೈಸ್ಕೂಲಿನಲ್ಲಿ ನಾನು ಡ್ರಿಲ್ ಮಾಸ್ತರನಾಗಿದ್ದೆ. ಅಲ್ಲಿ ಮಾಣಿಕಪ್ಪ ಎಂಬ ಅಟೆಂಡರ್ ಇದ್ದ, ದಿನಗೂಲಿಯವನು. ಚಿಂತಾಕಿಯ ಕುರಿ ಸಾಕುವ ಮನೆತನ. ಖಾಯಂ ಆಗುವ ಆಸೆಯ ಮೇಲೆ ಒಂಬತ್ತು ವರ್ಷ ಗಂಟೆ ಬಾರಿಸಿದ್ದ. ಬಾವುಟ ಕಟ್ಟುವುದರಲ್ಲಿ ಅವನನ್ನು ಮೀರಿಸುವವರು ತಾಲೂಕಿನಲ್ಲಿ ಇರಲಿಲ್ಲ. ಬಾವುಟವನ್ನು ಮಡಿಸಿ, ಒಳಗೆ ಚೆಂಡುಹೂವಿನ ಎಸಳು ತುಂಬಿ, ಹಗ್ಗದಲ್ಲಿ ಒಂದು ಗಂಟು ಹಾಕಿ ಮೇಲೇರಿಸುತ್ತಿದ್ದ. ಮುಖ್ಯ ಅತಿಥಿಗಳು ಒಮ್ಮೆ ಎಳೆದರೆ ಸಾಕು, ಹೂವು ಉದುರಿ ಬಾವುಟ ಬಿಚ್ಚಿಕೊಳ್ಳುತ್ತಿತ್ತು. ಕುರಿಮರಿ ಕಟ್ಟುವ ಗಂಟು ಅದು ಎನ್ನುತ್ತಿದ್ದ. ಹೊಗಳಿಕೆ ಮಾತ್ರ ಡ್ರಿಲ್ ಮಾಸ್ತರಿಗೆ ಸಲ್ಲುತ್ತಿತ್ತು. ನಾನು ಅದನ್ನು ಬೇಡ ಎಂದವನಲ್ಲ.

ಆ ವರ್ಷದ ರಾಜ್ಯೋತ್ಸವಕ್ಕೆ ನನಗೆ ಹುಮ್ಮಸ್ಸು ಹೆಚ್ಚಾಯಿತು. ಗಡಿ ತಾಲೂಕು, ಆಚೆ ಮರಾಠಿ, ಈಚೆ ತೆಲುಗು. ಕನ್ನಡದ ಬಾವುಟ ಬಸ್ ಸ್ಟ್ಯಾಂಡಿನಿಂದ ಕಾಣಬೇಕು ಎಂದು ರಾಷ್ಟ್ರಧ್ವಜದ ಕಂಬದ ಪಕ್ಕದಲ್ಲೇ ಉದ್ದನೆಯ ಬಿದಿರು ನೆಡಿಸಿದೆ. ಮಾಣಿಕಪ್ಪ ತಲೆ ಎತ್ತಿ ನೋಡಿ, “ದೊಡ್ಡ ಬಾವುಟಕ್ಕಿಂತ ಎತ್ತರ ಆಗ್ತದಲ್ರಿ ಸರ್,” ಎಂದ. ನಾನು ಹೇಳಿದ್ದು ನನಗೆ ಇಂದಿಗೂ ಕೇಳಿಸುತ್ತದೆ.

“ನೀ ಕಟ್ಟೋ. ನಾ ಇದ್ದೇನಿ.”

ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಿ ಇನ್ನಾವ ಬಾವುಟವೂ ಇರಕೂಡದು ಎಂಬುದು ನಿಯಮ. ಡ್ರಿಲ್ ಮಾಸ್ತರನಿಗೆ ಅದು ಗೊತ್ತಿರಬೇಕು, ಗೊತ್ತಿತ್ತು ಕೂಡ. ಅಂದು ಬಂದ ಶಿಕ್ಷಣ ಇಲಾಖೆಯ ಸಾಹೇಬರು ಕಂಬ ನೋಡಿ ಕೆಂಡವಾದರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕಟ್ಟಿದ್ದು ಯಾರು ಎಂದು ಕೇಳಿದರು. “ನಾ ಕಟ್ಟೇನ್ರಿ,” ಎಂದ ಮಾಣಿಕಪ್ಪ. ಕಟ್ಟಲು ಹೇಳಿದ್ದು ಯಾರು ಎಂದು ಸಾಹೇಬರು ಕೇಳಲಿಲ್ಲ. ಅವನೂ ಹೇಳಲಿಲ್ಲ. ನಾನು ನಾಲ್ಕು ಮಾರು ದೂರದಲ್ಲಿ, ಕೊರಳಲ್ಲಿ ಸೀಟಿ ಹಾಕಿಕೊಂಡು ನಿಂತಿದ್ದೆ. ಭಾಲ್ಕಿಗೆ ನನ್ನ ವರ್ಗಾವಣೆಯ ಕಾಗದ ಆಗ ಮೇಲಿನ ಕಚೇರಿಯಲ್ಲಿತ್ತು.

ಮರುದಿನದಿಂದ ಬರಬೇಡ ಎಂದು ಮಾಣಿಕಪ್ಪನಿಗೆ ಹೇಳಿದರು. ಬೇಸಿಗೆಯಲ್ಲಿ ನನಗೆ ಭಾಲ್ಕಿ ಸಿಕ್ಕಿತು. ಇಳಿಸಿದ ಬಾವುಟ ಸ್ಟಾಫ್ ರೂಮಿನ ಮೂಲೆಯಲ್ಲಿ ಬಿದ್ದಿತ್ತು, ಅದನ್ನೂ ತಂದುಬಿಟ್ಟೆ.

ಬೀದರ

ಬೀದರಿನಲ್ಲಿ ನನ್ನ ಜೊತೆಗಾರ್ತಿ ಕೂಡಿಕೊಂಡರು. ಸಲೋಮಿ ಸಿಸ್ಟರ್, ನಿವೃತ್ತ ನರ್ಸ್, ಮೆಥಡಿಸ್ಟ್ ಚರ್ಚಿನ ಹಿಂದಿನ ಮನೆ. ಅರವತ್ತೆರಡರಲ್ಲಿ ಗುಂಡು ಎಸೆಯುತ್ತಾರೆ. ಮೂವತ್ತೈದು ವರ್ಷ ರೋಗಿಗಳನ್ನು ಎತ್ತಿ ಮಲಗಿಸಿದ ತೋಳು, ಇನ್ನೂ ಹಾಗೇ ಇದೆ. ಅವರ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿ ಮತ್ತು ಬೈಬಲ್ ಇದ್ದವು. ಶೇಂಗಾ ಹಿಂಡಿಯ ಪುಡಿ ಬೈಬಲಿಗೆ ಮೆತ್ತಿಕೊಂಡಿದ್ದು ಹೈದರಾಬಾದಿನ ವಿಮಾನ ನಿಲ್ದಾಣದಲ್ಲೇ ಬಯಲಾಯಿತು.

ಬೀದರಿನ ಬಸ್ ಸ್ಟ್ಯಾಂಡಿನ ಎದುರು ಒಂದು ಆಟೋಕ್ಕೆ ಹಳದಿ-ಕೆಂಪು ಬಾವುಟ ಕಟ್ಟಿದ್ದರು, ಕೆಂಪು ಮೇಲೆ ಬಂದಿತ್ತು. ಹಳದಿ ಮೇಲಿರಬೇಕು ಎಂದು ನಾನು ಚಾಲಕನಿಗೆ ಹೇಳಿದೆ. ಅವನು ಒಳ್ಳೆಯವನು, ಅಲ್ಲೇ ತಿರುಗಿಸಿ ಕಟ್ಟಿದ. ಅರಿಶಿನ-ಕುಂಕುಮ ಎಂದು ನೆನಪಿಟ್ಟುಕೋ, ಮೊದಲು ಅರಿಶಿನ ಎಂದೆ. ಚಟ ನೋಡಿ, ಇನ್ನೊಬ್ಬರ ತಪ್ಪು ತಿದ್ದಲು ನನಗೆ ಎಂದೂ ಧೈರ್ಯ ಕಡಿಮೆ ಬಿದ್ದಿಲ್ಲ.

ಹೈದರಾಬಾದಿನ ಬಸ್ಸಿನಲ್ಲಿ ಸಿಸ್ಟರ್ ಕೇಳಿದರು, ಈ ಬಾವುಟಕ್ಕೆ ಸರಕಾರದ ಒಪ್ಪಿಗೆ ಇದೆಯೇ ಎಂದು. ನಾನು ತರಗತಿ ಶುರುಮಾಡಿದೆ. ಇದು ಕನ್ನಡದ ಚಳವಳಿಯಲ್ಲಿ ಹುಟ್ಟಿದ್ದು, ಮೊದಲು ಒಂದು ಪಕ್ಷದ ಬಾವುಟ. ಜನ ಎತ್ತಿಕೊಂಡರು, ಪಕ್ಷ ಮರೆತುಹೋಯಿತು, ಬಾವುಟ ಉಳಿಯಿತು. ನವೆಂಬರ್ ಒಂದಕ್ಕೆ ಊರೂರಲ್ಲಿ ಹಾರುತ್ತದೆ, ಮಂತ್ರಿಗಳೂ ಹಾರಿಸುತ್ತಾರೆ, ಆದರೆ ಕಾನೂನಿನ ಪುಸ್ತಕದಲ್ಲಿ ಇಲ್ಲ. ಕೆಲ ವರ್ಷಗಳ ಹಿಂದೆ ನಡುವೆ ಬಿಳಿ ಪಟ್ಟಿ, ಅದರಲ್ಲಿ ಗಂಡಭೇರುಂಡ ಇಟ್ಟು ಹೊಸದೊಂದನ್ನು ಮಾಡಿ ಒಪ್ಪಿಗೆಗೆ ದಿಲ್ಲಿಗೆ ಕಳಿಸಿದರು. ಒಪ್ಪಿಗೆ ಬರಲೇ ಇಲ್ಲ. ಸಂವಿಧಾನ ರಾಜ್ಯಕ್ಕೆ ಬಾವುಟ ಇರಲಿ ಎಂದೂ ಹೇಳಿಲ್ಲ, ಬೇಡ ಎಂದೂ ಹೇಳಿಲ್ಲ. ನಮ್ಮ ಕಡೆಯ ಮಟ್ಟಿಗೆ ಹಳದಿ ಹೊಸದೇನೂ ಅಲ್ಲ. ನಿಜಾಮನ ಬಾವುಟವೂ ಹಳದಿಯೇ, ನಡುವೆ ರೊಟ್ಟಿಯಂಥ ಬಿಳಿ ಗುಂಡು. ನಮ್ಮಜ್ಜ ಅದಕ್ಕೆ ಸಲಾಮು ಹೊಡೆದವನು.

ಹಿಂದೊಮ್ಮೆ ಔರಾದಿನ ಸ್ಟಾಫ್ ರೂಮಿನಲ್ಲಿ ಇದೇ ಮಾತು ಬಂದಿತ್ತು. ಚಹಾ ತಂದ ಮಾಣಿಕಪ್ಪ ನಿಂತು ಪೂರ್ತಿ ಕೇಳಿ, “ಅಂದ್ರ ವರ್ಷಾ ಕೆಲಸಾ ಮಾಡ್ತದ, ಖಾಯಂ ಮಾತ್ರ ಆಗಿಲ್ಲ. ಅದೂ ನನ್ನಂಗ ದಿನಗೂಲಿ ಅನ್ರಿ,” ಎಂದಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದೆವು. ಬಸ್ಸಿನಲ್ಲಿ ಅದು ನೆನಪಾಗಿ ನನ್ನ ತರಗತಿ ಅಲ್ಲಿಗೇ ನಿಂತಿತು. ಸಿಸ್ಟರಿಗೆ ಹೇಳಲಿಲ್ಲ.

ಸಮುದ್ರದ ಊರು

ಬಾರ್ಸಿಲೋನಾದಲ್ಲಿ ರೈಲು ಹತ್ತಿ ಒಂದು ತಾಸು. ಇಳಿದು ಹೊರಗೆ ಬಂದವನು ಚೀಲ ಕೆಳಗೆ ಇಟ್ಟೇಬಿಟ್ಟೆ. ಬೀದಿಯ ಎರಡೂ ಬದಿ, ಮೂರನೇ ಮಹಡಿಯವರೆಗೆ, ಬಾಲ್ಕನಿ ಬಾಲ್ಕನಿಗೂ ಹಳದಿ-ಕೆಂಪು ಬಾವುಟ. ಕಣ್ಣಲ್ಲಿ ನೀರು ಬಂತು. ಇಷ್ಟು ದೂರ ಯಾರು ಕಟ್ಟಿದರಪ್ಪ! ಹತ್ತಿರ ಹೋದಾಗ ತಿಳಿಯಿತು: ಹಳದಿಯ ಮೇಲೆ ಕೆಂಪಿನ ನಾಲ್ಕು ಪಟ್ಟಿ. ಅದು ಕ್ಯಾಟಲೋನಿಯಾ ಎಂಬ ಆ ಪ್ರಾಂತ್ಯದ ಬಾವುಟ. ಸ್ಪೇನಿನ ಒಳಗೇ ಇದ್ದು ತಮ್ಮದೇ ಭಾಷೆ ಆಡುವ ಜನ. ಕೆಲವು ಬಾವುಟಗಳ ಮೂಲೆಯಲ್ಲಿ ನಕ್ಷತ್ರವೂ ಇತ್ತು. ಅದರ ಲೆಕ್ಕ ಬೇರೆ. ದೇಶವೇ ಬೇರೆಯಾಗಬೇಕು ಎನ್ನುವವರು ಕಟ್ಟುವುದು ಅದನ್ನು.

ಅಲ್ಲಿಯವರ ಕೆಲವು ನಡೆ ನನಗೆ ಹಿಡಿಸಿದವು. ಮಧ್ಯಾಹ್ನ ಅಂಗಡಿಗೆ ಅಂಗಡಿಯೇ ಬಾಗಿಲೆಳೆದು ಊಟಕ್ಕೆ ಹೋಗುತ್ತದೆ, ಔರಾದಿನ ಬೇಸಿಗೆಯ ಹಾಗೆ. ಬ್ರೆಡ್ಡಿನ ಮೇಲೆ ಹಸಿ ಟೊಮ್ಯಾಟೊ ತಿಕ್ಕಿ, ಎಣ್ಣೆ ಸುರಿದು, ಉಪ್ಪು ಉದುರಿಸಿ ಕೊಡುತ್ತಾರೆ. ಸಿಸ್ಟರ್ ಅದರ ಮೇಲೆ ಶೇಂಗಾ ಹಿಂಡಿ ಹಾಕಿ ತಿಂದರು. ಹೋಟೆಲಿನವನು ರುಚಿ ನೋಡಿ, ಕೆಮ್ಮಿ, ನೀರು ಕುಡಿದು, ಮತ್ತೆ ಕೈ ಚಾಚಿದ.

ನನ್ನ ನಡಿಗೆಯ ಸುದ್ದಿ ಚಿಕ್ಕದು. ಹತ್ತು ಜನರಲ್ಲಿ ಒಂಬತ್ತನೆಯವನಾದೆ. ಹತ್ತನೆಯವರು ನಡುವೆ ಬೂಟಿನೊಳಗಿನ ಹರಳು ತೆಗೆಯಲು ಕುಳಿತವರು ಏಳಲಿಲ್ಲ. ಸಿಸ್ಟರ್ ಗುಂಡೆಸೆತದಲ್ಲಿ ಮೂರನೆಯವರಾಗಿ ಪದಕ ಗೆದ್ದರು.

ಪುರಸಭೆಯ ಬಾಗಿಲು

ಪುರಸಭೆಯ ಕಟ್ಟಡದ ಮುಂದೆ ಐದು ಕಂಬ, ಐದೂ ಒಂದೇ ಎತ್ತರ. ನಾಲ್ಕರಲ್ಲಿ ಬಾವುಟ: ದೇಶದ್ದು, ಪ್ರಾಂತ್ಯದ್ದು, ಊರಿನದು, ಯುರೋಪಿನದು. ಒಂದು ಖಾಲಿ. ನಾನು ಕೆಳಗೆ ನಿಂತು ಒಂದು ಕಣ್ಣು ಮುಚ್ಚಿ ಅಳೆಯುತ್ತಿದ್ದಾಗ ಒಳಗಿಂದ ಒಬ್ಬ ಹೆಂಗಸು ಬಂದು ಏನು ಹುಡುಕುತ್ತಿದ್ದೀರಿ ಎಂದು ಕೇಳಿದಳು. ಹೆಸರು ಮೊಂತ್ಸೆ. ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು. ಬಾಗಿಲು ತೆರೆಯುವುದು, ಕಾಗದ ಒಯ್ಯುವುದು, ಬಾವುಟ ನೋಡಿಕೊಳ್ಳುವುದು ಅವಳ ಕೆಲಸ. ನಮ್ಮ ಕಡೆಯ ಅಟೆಂಡರ್, ಮತ್ತೇನಲ್ಲ. ಆದರೆ ಅವಳಿಗೆ ಸ್ವಂತ ಮೇಜಿತ್ತು, ಮೇಜಿನ ಮೇಲೆ ಹೆಸರಿನ ಹಲಗೆಯಿತ್ತು. ನಾವು ಮಾತಾಡುತ್ತಿದ್ದಾಗ ಹಾದುಹೋದ ಪುರಸಭೆಯ ಅಧ್ಯಕ್ಷರು ನಿಂತು ಅವಳ ಮೊಮ್ಮಗುವಿನ ಜ್ವರ ಕೇಳಿ ಹೋದರು.

ಸಿಸ್ಟರ್ ಇಂಗ್ಲಿಷಿನಲ್ಲಿ ನಡುವೆ ನಿಂತು ಮಾತು ದಾಟಿಸಿದರು. ಮೊಂತ್ಸೆಯ ಅಜ್ಜಿಯ ಕಾಲದಲ್ಲಿ ಒಬ್ಬ ಸರ್ವಾಧಿಕಾರಿ ಈ ಪ್ರಾಂತ್ಯದ ಬಾವುಟವನ್ನು ನಿಷೇಧಿಸಿದ್ದನಂತೆ. ಅಜ್ಜಿ ತಮ್ಮ ಮನೆಯದನ್ನು ಹಾಸಿಗೆಯೊಳಗೆ ಹೊಲೆದಿಟ್ಟು ಅದರ ಮೇಲೇ ಮಲಗಿದಳು. ಈಗ ಅದು ಕಾನೂನಿನಲ್ಲೇ ಬರೆದ ಬಾವುಟ, ಹಾರಿಸದಿದ್ದರೆ ಕೇಳುವವರಿದ್ದಾರೆ. ನಾಲ್ಕು ಪಟ್ಟಿ ಎಂದರೆ ಗಾಯಗೊಂಡ ವೀರನ ರಕ್ತದಲ್ಲಿ ಅದ್ದಿದ ನಾಲ್ಕು ಬೆರಳ ಗುರುತು ಎಂದಳು, ಕಥೆ ಇರಬೇಕು ಎಂದೂ ಸೇರಿಸಿದಳು. ನಾನು ಅರಿಶಿನ-ಕುಂಕುಮದ ಮಾತು ಹೇಳಿದೆ.

ಒಂದು ಪ್ರಶ್ನೆ ಕೇಳಲೇಬೇಕಿತ್ತು. ನಿಯಮ ತಪ್ಪಿ ಯಾವುದಾದರೂ ಬಾವುಟ ಎತ್ತರವಾದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಇಳಿಸುತ್ತೇವೆ ಎಂದಳು. ಕಟ್ಟಿದವರನ್ನು? ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಕಟ್ಟುವವಳು ನಾನೇ, ನನ್ನಷ್ಟಕ್ಕೆ ನಾನು ಕಟ್ಟುವುದಿಲ್ಲವಲ್ಲ, ಹೇಳಿದವರು ಯಾರು ಎಂದು ಮೊದಲು ಕೇಳುತ್ತಾರೆ ಎಂದಳು. ಸಿಸ್ಟರ್ ಅದನ್ನು ಕನ್ನಡಕ್ಕೆ ತಂದು ಹೇಳಿದರು. ಬೇಡವಾಗಿತ್ತು, ನನಗೆ ಅರ್ಥವಾಗಿತ್ತು.

ನನ್ನ ಚೀಲದಲ್ಲೂ ಬಾವುಟ ಇದೆ ಎಂದು ತಿಳಿದಾಗ ಅವಳಿಗೆ ಖುಷಿಯಾಯಿತು. ಐದನೇ ಕಂಬ ಬಂದವರಿಗಾಗಿಯೇ ಇದೆ, ಕೊನೆಯ ದಿನ ಒಂದು ತಾಸು ನಿಮ್ಮದು ಹಾರಲಿ ಎಂದಳು. ಒಂದು ಅರ್ಜಿ ತಂದಳು. ಬಾವುಟದ ಹೆಸರು, ಯಾವ ಪ್ರದೇಶ, ಬಣ್ಣ. ಎಲ್ಲ ತುಂಬಿದೆ. ಯಾವ ಕಾನೂನಿನ ಪ್ರಕಾರ ಅಧಿಕೃತ ಎಂಬಲ್ಲಿ ಪೆನ್ನು ನಿಂತಿತು. ಒಪ್ಪಿಗೆ ಇನ್ನೂ ಬಂದಿಲ್ಲ ಎಂದು ಸಿಸ್ಟರ್ ತಗ್ಗಿದ ದನಿಯಲ್ಲಿ ವಿವರಿಸಿದರು. ಮೊಂತ್ಸೆ ಸ್ವಲ್ಪ ಯೋಚಿಸಿ, ಆ ಜಾಗದಲ್ಲಿ ತಾನೇ ‘ಅತಿಥಿ’ ಎಂದು ಬರೆದು, ಒಂದು ಪ್ರತಿ ನನಗೆ ಕೊಟ್ಟಳು.

ಕೊನೆಯ ದಿನ

ನಮ್ಮ ಪದ್ಧತಿಯಲ್ಲಿ ಹೂವು ತುಂಬಿಯೇ ಹಾರಿಸುತ್ತೇನೆ ಎಂದು ಹಟ ಹಿಡಿದೆ. ಮೊಂತ್ಸೆ ತನ್ನ ಬಾಲ್ಕನಿಯ ಕುಂಡದಿಂದ ಕೆಂಪು ಹೂವಿನ ಎಸಳು ತಂದುಕೊಟ್ಟಳು. ಬಾವುಟ ಮಡಿಸಿದೆ, ಎಸಳು ತುಂಬಿದೆ, ಹಗ್ಗ ಸುತ್ತಿದೆ. ಗಂಟು ಹಾಕುವಾಗ ಬೆರಳು ತಡೆದವು. ಒಂದು ಸುತ್ತೋ ಎರಡೋ? ಕುಣಿಕೆ ಒಳಗಿಂದಲೋ ಹೊರಗಿಂದಲೋ? ಔರಾದಿನಲ್ಲಿ ಮಾಣಿಕಪ್ಪ ಕಟ್ಟುವುದನ್ನು ಎಷ್ಟೋ ಸಲ ಪಕ್ಕದಲ್ಲಿ ನಿಂತು ನೋಡಿದ್ದೇನೆ ಎಂದುಕೊಂಡಿದ್ದೆ. ನೋಡಿರಲಿಲ್ಲ. ಆಗೆಲ್ಲ ನನ್ನ ಕಣ್ಣು ಅತಿಥಿಗಳ ಕಾರಿನ ದಾರಿ ಕಾಯುತ್ತಿತ್ತು.

ತೋಚಿದಂತೆ ಕಟ್ಟಿ ಏರಿಸಿದೆ. ಹತ್ತಿಪ್ಪತ್ತು ಜನ ಮುದುಕರು ಕ್ರೀಡಾ ಪೋಷಾಕಿನಲ್ಲೇ ಸೇರಿದ್ದರು. ಸೀಟಿ ಊದಿ, ಅಟೆನ್ಷನ್ ನಿಂತು, ಹಗ್ಗ ಎಳೆದೆ. ಬಿಚ್ಚಲಿಲ್ಲ. ಇನ್ನೊಮ್ಮೆ ಎಳೆದೆ, ಗಂಟು ಇನ್ನೂ ಬಿಗಿಯಿತು. ಮೂರನೇ ಸಲ ಎರಡೂ ಕೈಯಿಂದ ಜಗ್ಗಿದೆ. ಉಳಿದ ನಾಲ್ಕು ಬಾವುಟ ಸಮುದ್ರದ ಗಾಳಿಗೆ ಪಟಪಟ ಎನ್ನುತ್ತಿದ್ದವು. ನಮ್ಮದು ತುದಿಯಲ್ಲಿ ಬಟ್ಟೆಯ ಗಂಟಾಗಿ ನೇತಾಡುತ್ತಿತ್ತು. ಇದೇ ಇವರ ಪದ್ಧತಿ ಇರಬೇಕು ಎಂದುಕೊಂಡು ಜನ ಮರ್ಯಾದೆಯಿಂದ ಚಪ್ಪಾಳೆ ತಟ್ಟಿದರು. ಬೈದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ.

ಮೊಂತ್ಸೆ ಅದನ್ನು ಇಳಿಸಿ ಉಗುರಿನಿಂದ, ಆಮೇಲೆ ಹಲ್ಲಿನಿಂದ ಬಿಡಿಸಿದಳು. ಎಸಳೆಲ್ಲ ಅವಳ ಬೂಟಿನ ಮೇಲೆ ಬಿದ್ದವು. ಬಿಚ್ಚಿದ ಬಾವುಟವನ್ನು ಹಾಗೆಯೇ ಏರಿಸಿದಳು. ಒಂದು ತಾಸು ಹಾರಿತು, ಚೆನ್ನಾಗಿಯೇ ಹಾರಿತು. ನಾನು ಕಟ್ಟೆಯ ಮೇಲೆ ಕುಳಿತು ಬಿಟ್ಟ ಕಣ್ಣಿನಿಂದ ನೋಡುತ್ತಿದ್ದೆ, ಸಂತೋಷ ಮಾತ್ರ ಬರಲಿಲ್ಲ.

ಸಿಸ್ಟರ್ ಪಕ್ಕದಲ್ಲಿ ಕುಳಿತು ಏನಾಯಿತು ಎಂದು ಕೇಳಿದರು. ಆಗ ಎಲ್ಲ ಹೇಳಿದೆ. ಬಿದಿರು, ಸಾಹೇಬರು, ಮಾಣಿಕಪ್ಪ, ನನ್ನ ಸೀಟಿ, ನನ್ನ ವರ್ಗಾವಣೆ. ಹದಿಮೂರು ವರ್ಷದಲ್ಲಿ ಹೆಂಡತಿಗೂ ಹೇಳದ್ದು. ಅವರು ಸಮಾಧಾನ ಹೇಳಬಹುದು ಎಂದು ಕಾದೆ. ನರ್ಸುಗಳು ಸುಳ್ಳು ಸಮಾಧಾನ ಹೇಳುವುದಿಲ್ಲ.

“ಮಾಸ್ತರ್, ಈ ಬಾವುಟಾ ತಗೊಂಡು ಇಷ್ಟು ದೂರ ಯಾಕ ಬಂದ್ರಿ? ಚಿಂತಾಕಿ ಹತ್ರ ಇತ್ತಲ್ರಿ,” ಎಂದರು.

ಔರಾದ, ಚಿಂತಾಕಿ

ಊರಿಗೆ ಮರಳಿದ ನಾಲ್ಕನೇ ದಿನ ಬಸ್ಸು ಹಿಡಿದೆ. ಔರಾದಿನಲ್ಲಿ ಬಸ್ಸು ಬದಲಿಸಬೇಕು. ಹಳೆಯ ಶಾಲೆಯ ಗೇಟು ಕಂಡಿತು. ಒಳಗೆ ಹೋಗಲಿಲ್ಲ. ಚಿಂತಾಕಿಯಲ್ಲಿ ಯಾರನ್ನು ಕೇಳಿದರೂ ಕೈ ತೋರಿಸಿದರು. ತೊಗರಿ ಹೊಲದ ಬದುವಿನಾಚೆ, ಬೇವಿನ ಮರದ ಕೆಳಗೆ ಕಂಬಳಿ ಹಾಸಿಕೊಂಡು ಕುಳಿತಿದ್ದ ಮಾಣಿಕಪ್ಪ ನನ್ನನ್ನು ನೋಡಿ ಎದ್ದು ನಿಂತ. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಎದ್ದು ನಿಲ್ಲುವ ಅಭ್ಯಾಸ ಹೋಗಿರಲಿಲ್ಲ.

ಕಂಬಳಿ ಝಾಡಿಸಿ ನನ್ನನ್ನು ಕೂಡಿಸಿದ. ಮನೆಗೆ ಹೇಳಿ ಚಹಾ ತರಿಸಿದ. ಹೇಳಬೇಕಾದ್ದನ್ನು ಬಿಟ್ಟು ನಾನು ಸ್ಪೇನಿನ ಪುರಾಣ ತೆಗೆದೆ. ವಿಮಾನ, ಸಮುದ್ರ, ಟೊಮ್ಯಾಟೊ ತಿಕ್ಕಿದ ಬ್ರೆಡ್ಡು. ಬಾವುಟ ಬಿಚ್ಚದ ಕಥೆಗೆ ಅವನು ಮನಸಾರೆ ನಕ್ಕ. ಚೀಲದಿಂದ ಬಾವುಟ ತೆಗೆದು ಮುಂದೆ ಇಟ್ಟಾಗ ನಗು ನಿಂತಿತು. ಗುರುತು ಸಿಕ್ಕಿತ್ತು. ಅಂಚನ್ನು ಬೆರಳಿನಿಂದ ಸವರಿ, ಬಣ್ಣ ಹೋಗಿದೆ ಎಂದ. ನನಗೆ ಗಂಟು ಕಲಿಸು ಎಂದೆ. ಪಕ್ಕದಲ್ಲಿದ್ದ ಮರಿಯ ಕೊರಳ ಹಗ್ಗ ಬಿಚ್ಚಿ ನಿಧಾನವಾಗಿ ಹಾಕಿ ತೋರಿಸಿದ. ನಾನು ಮೂರು ಸಲ ಪ್ರಯತ್ನಿಸಿದೆ, ಮೂರು ಸಲವೂ ತಪ್ಪಿತು.

“ನೀವ ಎಂದೂ ಕಟ್ಟಿಲ್ಲಲ್ರಿ ಸರ್,” ಎಂದ, ಸಹಜವಾಗಿ.

ಆಗ ಹೇಳಿದೆ. ಕಟ್ಟಲು ಹೇಳಿದವನು ನಾನು, ಸಾಹೇಬರ ಮುಂದೆ ಬಾಯಿ ಮುಚ್ಚಿಕೊಂಡವನೂ ನಾನು, ತಪ್ಪಾಯಿತು ಮಾಣಿಕಪ್ಪ ಎಂದೆ. ಅವನು ಬಿಚ್ಚಿದ ಹಗ್ಗವನ್ನು ಮತ್ತೆ ಮರಿಯ ಕೊರಳಿಗೆ ಕಟ್ಟಿದ.

“ನೀವ ‘ನಾ ಇದ್ದೇನಿ’ ಅಂದಿದ್ರಿ. ಅದಕ್ಕ ಎರಡ ದಿನ ಗೇಟಿನ ಹತ್ರ ನಿಂತಿದ್ದೆ. ನೀವ ಹೊರಗ ಬರ್ತೀರಿ ಅಂತ. ನೀವ ಹಿಂದಿನ ಗ್ವಾಡಿ ಕಡೀಂದ ಹೋದ್ರಿ.”

ಹೌದು. ಹಿಂದಿನ ಗೋಡೆ ಬಿದ್ದಲ್ಲಿ ದಾಟಿ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ, ಎರಡೂ ದಿನ. ಅವನು ನೋಡಿಲ್ಲ ಎಂದೇ ಇಷ್ಟು ವರ್ಷ ನಂಬಿದ್ದೆ.

ಏನಾದರೂ ಮಾಡಬಹುದೇ, ಯಾವ ಕಚೇರಿಗೆ ಬರಬೇಕು ಹೇಳು, ಬಂದು ಹೇಳುತ್ತೇನೆ ಎಂದೆ. ನೌಕರಿಯ ವಯಸ್ಸು ಮುಗಿಯಿತು, ಈಗ ಕಚೇರಿ ಯಾಕೆ ಎಂದ. ಸಿಟ್ಟಿನ ದನಿಯಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು. ಆಮೇಲೆ ಏನೋ ನೆನಪಾದವನಂತೆ ನನ್ನ ಕಡೆ ತಿರುಗಿದ.

“ನನ್ನ ಮಗಳು ಆವಾಗ ನಮ್ಮ ಸಾಲ್ಯಾಗೇ ಎಂಟನೇ ಕ್ಲಾಸಿನ್ಯಾಗ ಇದ್ಲು. ನಿಮ್ಮಪ್ಪ ದೇಶದ ಬಾವುಟಕ್ಕ ಅವಮಾನ ಮಾಡ್ಯಾನ ಅಂತ ಹುಡುಗ್ರು ಅಂದ್ರು. ಅಕಿ ಸಾಲಿ ಬಿಟ್ಲು. ನಾ ಹೇಳಿದ್ರ ಅಕಿ ನಂಬಲಿಲ್ರಿ. ಒಂದು ಚೀಟಿ ಬರದು ಕೊಡ್ರಿ, ನಿಮ್ಮ ಸಹಿ ಹಾಕಿ.”

ಆ ಹುಡುಗಿಯ ನೆನಪು ನನಗಿತ್ತು. ಕಬಡ್ಡಿಯಲ್ಲಿ ಚುರುಕು. ಹಠಾತ್ತನೆ ಬರುವುದು ನಿಂತಾಗ, ಮದುವೆ ಮಾಡಿರಬೇಕು ಎಂದುಕೊಂಡು ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕಿದವನು ನಾನೇ.

ಚೀಲದಲ್ಲಿ ಬೇರೆ ಕಾಗದ ಇರಲಿಲ್ಲ. ಬಾವುಟದ ಮಡಿಕೆಯಲ್ಲಿಟ್ಟಿದ್ದ ಮೊಂತ್ಸೆಯ ಅರ್ಜಿಯ ಪ್ರತಿ ತೆಗೆದು, ತಿರುವಿ, ಮೊಣಕಾಲ ಮೇಲಿಟ್ಟು ಬರೆದೆ. ರಾಜ್ಯೋತ್ಸವದ ದಿನ ಕನ್ನಡದ ಬಾವುಟವನ್ನು ಎತ್ತರದಲ್ಲಿ ಕಟ್ಟಲು ಹೇಳಿದವನು ನಾನು. ಬೇಡ ಎಂದು ಎಚ್ಚರಿಸಿದವನು ನಿನ್ನ ತಂದೆ. ಕೆಳಗೆ ಸಹಿ ಮಾಡಿ, ಔರಾದಿನ ಆ ಹಳೆಯ ಹುದ್ದೆಯನ್ನೂ ಬರೆದೆ.

ಅವನಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದಿ ಎಂದ. ಓದಿದೆ. ಚೀಟಿಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು, ಬಸ್ಸಿನ ಹೊತ್ತಾಯಿತು ನಡೀರಿ ಎಂದ. ರಸ್ತೆಯವರೆಗೆ ಬಂದ. ಬಾವುಟ ಬೇಕೇ ಎಂದು ಕೇಳಿದೆ, ಬೇಡ ಎಂದ.

ಬಸ್ಸಿನಲ್ಲಿ ಕುಳಿತ ಮೇಲೆ ಕೈಗಡಿಯಾರ ನೋಡಿಕೊಂಡೆ, ಡ್ರಿಲ್ ಮಾಸ್ತರನ ಚಟ. ಚೀಟಿಯಲ್ಲಿದ್ದದ್ದು ಎರಡು ಸಾಲು. ಬರೆಯಲು ಎರಡು ನಿಮಿಷವೂ ಹಿಡಿದಿರಲಿಲ್ಲ.